ಕಾರ್ಕಳದ ಕಡೆಯ ಕಾರ್ಲ್

ಡೊಮಿನಿಕನ ಹೊಟ್ಟೆಕಿಚ್ಚಿನ ಬಗ್ಗೆ ಸಾಕ್ಷಿ ಹೇಳುವ ಅರ್ಹತೆ ಉದ್ಯಾವರದಲ್ಲಿ ನನಗಿಂತ ಹೆಚ್ಚು ಇನ್ನೊಬ್ಬರಿಗಿಲ್ಲ. ಹೆದ್ದಾರಿ ಬದಿಯಲ್ಲಿ ಅವನದು ಕ್ಯಾಸೆಟ್ ಅಂಗಡಿ, ಅದಕ್ಕೆ ತಾಗಿಕೊಂಡೇ ನನ್ನ ವಾಚ್ ರಿಪೇರಿ ಅಂಗಡಿ. ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅವನು ಆಚೆ ನಿಟ್ಟುಸಿರು ಬಿಟ್ಟರೆ ಈಚೆ ನನ್ನ ಮೇಜಿನ ಮೇಲಿನ ಸ್ಕ್ರೂಗಳು ಉರುಳುತ್ತವೆ. ಹದಿನಾಲ್ಕು ವರ್ಷಗಳಲ್ಲಿ ಇಂಥ ನಿಟ್ಟುಸಿರಿನಿಂದಾಗಿ ನಾನು ಕಳೆದುಕೊಂಡ ಸ್ಕ್ರೂಗಳಿಗೆ ಲೆಕ್ಕವಿಲ್ಲ.

ಕಿಚ್ಚಿಗೆ ಕಾರಣ ಒಂದೇ ಒಂದು, ಅದರ ಹೆಸರು ಕ್ಲಾರೆನ್ಸ್. ಡೊಮಿನಿಕನ ಹೆಂಡತಿ ಜೆನಿಟಾ ಇಗರ್ಜಿಯ, ಅಂದರೆ ಚರ್ಚಿನ, ಗಾಯನ ತಂಡದ ಮುಖ್ಯ ಗಾಯಕಿ. ಅವಳ ತಂದೆ ಬದುಕಿದ್ದಾಗ ಕೊಂಕಣಿಯಲ್ಲಿ ಒಂದು ಮದುವೆ ಹಾಡು ಕಟ್ಟಿದ್ದರು. ವರನದು ಒಂದು ಸಾಲು, ವಧುವಿನದು ಒಂದು ಸಾಲು, ಹೀಗೆ ಸರದಿಯಂತೆ ಸಾಗಿ ಕೊನೆಗೆ ಇಬ್ಬರೂ ಕೂಡಿ. ಊರಿನಲ್ಲಿ ಯಾರದೇ ಮದುವೆಯಾದರೂ ಈ ಹಾಡು ಆಗಲೇಬೇಕು. ವಧುವಿನ ಸಾಲು ಜೆನಿಟಾಳದು. ವರನ ಸಾಲು ಕ್ಲಾರೆನ್ಸನದು. ಈ ಕ್ಲಾರೆನ್ಸ್ ನಲವತ್ತು ದಾಟಿದ ಬ್ರಹ್ಮಚಾರಿ, ಉಡುಪಿಯಲ್ಲಿ ವಿಮೆ ಏಜೆಂಟ್. ಹಾಡುವ ಮೊದಲು ಕಾಳುಮೆಣಸಿನ ನೀರು ಕುಡಿಯುತ್ತಾನೆ, ಹಾಡುವಾಗ ಕಣ್ಣು ಮುಚ್ಚುತ್ತಾನೆ, ಕೊನೆಯ ಸಾಲು ಬಂದಾಗ ಕಣ್ಣು ತೆರೆದು ಜೆನಿಟಾಳ ಕಡೆ ನೋಡುತ್ತಾನೆ.

"ಅವನು ಯಾಕೆ ಕಣ್ಣು ತೆರೀಬೇಕು ಮಾರಾಯ್ರೆ?" ಎಂದು ಡೊಮಿನಿಕ್ ಹಲಗೆಯಾಚೆಯಿಂದ ಕೇಳುತ್ತಿದ್ದ. "ಮುಚ್ಚಿದವ ಮುಚ್ಚಿಯೇ ಇರಬಾರದಾ? ಲೆಕ್ಕ ಹಾಕಿ. ಜೆನಿಟಾ ಇದುವರೆಗೆ ಮೂವತ್ತೆಂಟು ಸಲ ಅವನ ಮದುಮಗಳಾಗಿ ನಿಂತಿದ್ದಾಳೆ. ನನಗೆ ಆದದ್ದು ಒಂದೇ ಸಲ."

ನಾನು ಲೆಕ್ಕ ಹಾಕಿದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಹಾಗಾದರೆ ಇವನೇ ಹಾಡಬಾರದೇ ಎಂದು ನೀವು ಕೇಳುತ್ತೀರಿ. ಕೇಳಬೇಡಿ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಪಕ್ಕ ನಿಲ್ಲುವ ಆಸೆಯಿಂದ ಅವನು ಗಾಯನ ತಂಡಕ್ಕೆ ಸೇರಲು ಹೋಗಿದ್ದ. ತಂಡದ ಮಾಸ್ತರು ಅಲೋಶಿಯಸ್ ಬಹಳ ಮೃದು ಮನುಷ್ಯ, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಡೊಮಿನಿಕ್ ಎರಡು ಸಾಲು ಹಾಡಿದ ಮೇಲೆ ಅವರು ಬಹಳ ಹೊತ್ತು ಹಾರ್ಮೋನಿಯಂ ಮುಚ್ಚಳವನ್ನೇ ನೋಡಿ, "ನಮಗೆ ಗೇಟಿನ ಹತ್ತಿರ ಗಾಡಿಗಳನ್ನು ಸಾಲಾಗಿ ನಿಲ್ಲಿಸಲು ಒಬ್ಬರು ಜವಾಬ್ದಾರಿಯ ಜನ ಬೇಕಿತ್ತು, ಡೊಮಿನಿಕ್" ಎಂದರು. ಅಂದಿನಿಂದ ಪ್ರತಿ ಮದುವೆಯಲ್ಲೂ ಡೊಮಿನಿಕ್ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುತ್ತಾ, ಒಳಗಿನಿಂದ ಬರುವ ಆ ಹಾಡನ್ನು ಕೇಳುತ್ತಾ ಬಂದಿದ್ದಾನೆ.

ಇದು ಹೀಗೇ ಇರುತ್ತಿತ್ತು. ಆದರೆ ಎರಡು ಸಾವಿರದ ಐದನೇ ಇಸವಿಯಲ್ಲಿ ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಮಲೇಷಿಯಾದ ವಿದ್ಯಾರ್ಥಿ ತನ್ನ ಕಂಪ್ಯೂಟರನ್ನು ಮಾರಲು ಇಟ್ಟ, ಮದುವೆಯ ವಿಡಿಯೋಗಳನ್ನು ಸಿಡಿಗೆ ಹಾಕಿಕೊಡಬಹುದೆಂದು ಡೊಮಿನಿಕ್ ಅದನ್ನು ಕೊಂಡುತಂದ. ಅದರೊಳಗೆ ಒಂದು ಪ್ರೋಗ್ರಾಂ ಸಿಕ್ಕಿತು. ರಾಗವನ್ನು ಸಣ್ಣ ಸಣ್ಣ ಕಡ್ಡಿಗಳಾಗಿ ತೆರೆಯಲ್ಲಿ ಮೇಲೆ ಕೆಳಗೆ ಜೋಡಿಸಿ, ಒಂದೊಂದು ಕಡ್ಡಿಯ ಮೇಲೂ ಒಂದೊಂದು ಅಕ್ಷರ ಬರೆದರೆ, ಒಳಗಿನಿಂದ ಒಬ್ಬ ಗಂಡಸು ಹಾಡುತ್ತಾನೆ. ಆ ಗಂಡಸು ಯಾರೂ ಅಲ್ಲ. ಯಂತ್ರವೇ ಹಾಡುವುದು.

ಮೊದಲ ದಿನ ಅದು ಹಾಡಿದ್ದನ್ನು ಕೇಳಿ ನಾನು ಯಾರಿಗೋ ಏನೋ ಆಯಿತೆಂದು ಓಡಿಹೋಗಿದ್ದೆ. ಆದರೆ ಡೊಮಿನಿಕ್ ಬಿಡಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವುದು, ಸಾಲಿನ ಕೊನೆಯಲ್ಲಿ ತುಸು ನಡುಗುವುದು, ಒಂದು ಕಡೆ ಏರುವುದು, ಇನ್ನೊಂದು ಕಡೆ ಇಳಿಯುವುದು, ಎಲ್ಲವನ್ನೂ ಮೌಸ್ ಹಿಡಿದು ಗೆರೆ ಎಳೆದು ಎಳೆದು ಮಾಡಿದ. ಏಳು ವಾರಗಳಾದವು. ಅಷ್ಟು ದಿನವೂ ಅವನ ನಿಟ್ಟುಸಿರು ಕೇಳಿಸದೆ ನನ್ನ ಸ್ಕ್ರೂಗಳೆಲ್ಲ ಇದ್ದಲ್ಲೇ ಇದ್ದವು. ಎಂಟನೆಯ ವಾರ ಯಂತ್ರದೊಳಗಿನ ಗಂಡಸು ವರನ ಸಾಲುಗಳನ್ನು ಹಾಡಿದಾಗ ನಾನು ಕೈಯಲ್ಲಿದ್ದ ವಾಚನ್ನು ಕೆಳಗಿಟ್ಟು ಕೇಳಿದೆ. ನಿಜ ಹೇಳಬೇಕು, ಕ್ಲಾರೆನ್ಸ್ ಅದರ ಹತ್ತಿರವೂ ಬರಲಾರ.

ಆಗ ಅಂಗಡಿಯ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದವನು ಬಾಗಲಕೋಟೆ ಕಡೆಯ ಸಿದ್ದಣ್ಣ, ಊರಿನಲ್ಲಿ ಭಜನೆ ಮೇಳದವನು. ಅವನು ಕರಣೆ ಕೆಳಗಿಟ್ಟು ಕಿವಿಗೊಟ್ಟ.

"ಇದು ಮನಷ್ಯಾನ ದನಿ ಅಲ್ಲರೀ" ಎಂದ.

"ಯಾಕೆ? ಎಂತ ಕಡಿಮೆಯಾಯ್ತು?" ಎಂದು ಡೊಮಿನಿಕ್ ರೇಗಿದ.

"ಉಸರು ತಗೊಳ್ಳವಲ್ಲರೀ ಅಂವ. ಹದಿನಾರು ಸಾಲು ಹಾಡಿದ, ಒಮ್ಮೆನೂ ಉಸರು ಎಳೀಲಿಲ್ಲ."

ಡೊಮಿನಿಕ್ ಅವನನ್ನು ಟೈಲ್ಸ್ ಕಡೆ ನೋಡಲು ಹೇಳಿದ.

ಅವನ ಯೋಜನೆ ಇಷ್ಟೇ: ಕ್ಲಾರೆನ್ಸನಿಗಿಂತ ಚೆನ್ನಾಗಿ ಹಾಡುವವರು ಲೋಕದಲ್ಲಿ ಇದ್ದಾರೆಂದು ಜೆನಿಟಾಳಿಗೆ ಗೊತ್ತಾಗಬೇಕು, ಅದು ಕ್ಲಾರೆನ್ಸನ ಕಿವಿಗೂ ಬೀಳಬೇಕು. ಸಿಡಿಯನ್ನು ಮನೆಗೆ ಒಯ್ದು ಹಾಕಿದ. ಆ ಮೇಲೆ ನಡೆದದ್ದನ್ನು ಅವನೇ ನನಗೆ ಹೇಳಿದ್ದು. ಅವರು ಮಾತಾಡುವುದು ಕೊಂಕಣಿಯಲ್ಲಿ, ನಾನು ನಿಮಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೇನೆ.

ಜೆನಿಟಾ ಮೀನು ಕೊಯ್ಯುತ್ತಿದ್ದವಳು ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಹಾಡು ಮುಗಿಯುವವರೆಗೆ ಅಲುಗಲಿಲ್ಲ.

"ಯಾರಿದು?"

"ಕಾರ್ಲ್" ಎಂದ ಡೊಮಿನಿಕ್. ಆ ಹೆಸರು ಎಲ್ಲಿಂದ ಬಂತೆಂದು ಅವನಿಗೇ ತಿಳಿಯದು.

"ಯಾವ ಕಾರ್ಲ್? ಯಾವ ಇಗರ್ಜಿಯವ? ಯಾರ ಮಗ?"

ಇಲ್ಲಿಯೇ ಡೊಮಿನಿಕ್ ಎಡವಿದ್ದು. ಈ ಜನರಲ್ಲಿ ಒಬ್ಬ ಮನುಷ್ಯನಿಗೆ ಮುಖ ಇಲ್ಲದಿದ್ದರೂ ನಡೆಯುತ್ತದೆ, ಇಗರ್ಜಿ ಮತ್ತು ಅಜ್ಜಿ ಇಲ್ಲದಿದ್ದರೆ ನಡೆಯುವುದಿಲ್ಲ. ಗಾಬರಿಯಲ್ಲಿ ಅವನು, "ಕಾರ್ಕಳದ ಕಡೆ. ಈಗ ದೋಹಾದಲ್ಲಿ ಉಂಟು ಅವನು. ನನಗೆ ದೂರದ ಸಂಬಂಧ" ಎಂದುಬಿಟ್ಟ.

ಅಷ್ಟು ಸಾಕಾಯಿತು. ಮರುದಿನವೇ ಶಂಕರಪುರದಿಂದ ಜೆನಿಟಾಳ ಮಾವ್ಶಿ, ಅಂದರೆ ತಾಯಿಯ ತಂಗಿ, ಮ್ಯಾಗ್ಡಲಿನ್ ಬಾಯಿ ಬಂದಿಳಿದರು. ಅವರದು ಮಲ್ಲಿಗೆ ತೋಟ. ಬೆಳಿಗ್ಗೆ ಹೂ ಕಟ್ಟುವುದು, ಮಧ್ಯಾಹ್ನದ ಮೇಲೆ ಸಂಬಂಧ ಕಟ್ಟುವುದು ಅವರ ಕಸುಬು. ಹಾಡು ಕೇಳಿ ಕಣ್ಣು ಒರೆಸಿಕೊಂಡು, "ಕಾರ್ಕಳದ ಕಡೆಯವ ಅಂದ್ರೆ ನಮ್ಮ ಸೆರಾಫಿನ್ ಬಾಯಿಯ ಮೊಮ್ಮಗ ಅಲ್ವಾ! ಅವಳ ಎರಡನೆಯ ಮಗ ಗುಡ್ಡದ ಮೇಲೆ ಮನೆ ಕಟ್ಟಿದವ. ಇವನು ಸಣ್ಣವನಿರುವಾಗ ನಾನೇ ಎತ್ತಿಕೊಂಡಿದ್ದೇನೆ. ಆಗಲೇ ಎಂಥ ಗಂಟಲು ಅಂತೀ! ಅತ್ತರೆ ಬಸ್ಸು ನಿಲ್ತಿತ್ತು" ಎಂದರು.

ಡೊಮಿನಿಕ್ ಬಾಯಿ ತೆರೆದ. ಆದರೆ ಹೆಂಡತಿಯ ಮಾವ್ಶಿ ಎತ್ತಿ ಆಡಿಸಿದ ಮಗುವನ್ನು ಇಲ್ಲವೆನ್ನುವುದು ಹೇಗೆ? ಮತ್ತೆ ಮುಚ್ಚಿದ.

ಭಾನುವಾರ ಗಾಯನ ತಂಡದವರೆಲ್ಲ ಸಿಡಿ ಕೇಳಿದರು. ಕ್ಲಾರೆನ್ಸನ ಮುಖ ಸೀಮೆಸುಣ್ಣವಾಯಿತು. ಅವನೂ ಹಾಡುಗಾರ, ದೋಷ ಹುಡುಕದೆ ಬಿಡುತ್ತಾನೆಯೇ?

"ಇವನಿಗೆ ಳಕಾರ ಬರುವುದಿಲ್ಲ. ಎಲ್ಲ ಕಡೆ ಲ ಹೇಳ್ತಾನೆ, ಗಮನಿಸಿದಿರಾ?" ಎಂದ.

"ಹತ್ತು ವರ್ಷ ಗಲ್ಫಿನಲ್ಲಿದ್ದವನಿಗೆ ಳ ಉಳಿಯುವುದು ಹೇಗೆ?" ಎಂದರು ಅಲೋಶಿಯಸ್ ಮಾಸ್ತರು. "ಅಲ್ಲಿ ಅದರ ಉಪಯೋಗವೇ ಇಲ್ಲ."

"ಉಸಿರು ಎಲ್ಲಿ ತೆಗೀತಾನೆ, ಅದನ್ನಾದರೂ ಹೇಳಿ!"

"ನೋಡು ಕ್ಲಾರೆನ್ಸ್, ಅವನು ಇರುವುದು ಇಪ್ಪತ್ತನಾಲ್ಕು ಗಂಟೆ ಎ.ಸಿ.ಯಲ್ಲಿ" ಎಂದರು ಮ್ಯಾಗ್ಡಲಿನ್ ಬಾಯಿ. "ತಂಪು ಗಾಳಿಯಲ್ಲಿ ಒಂದು ಉಸಿರು ತೆಗೆದರೆ ಎಷ್ಟೋ ಹೊತ್ತು ಬರ್ತದೆ. ನಿನ್ನ ಹಾಗೆ ಉಡುಪಿಯ ಧೂಳು ಕುಡೀತಾನಾ ಅವನು?"

ಆ ಭಾನುವಾರ ಡೊಮಿನಿಕನಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಕ್ಲಾರೆನ್ಸ್ ಮುಂದಿನ ಮದುವೆಯಲ್ಲಿ ಕಾಳುಮೆಣಸಿನ ನೀರನ್ನು ಎರಡು ಲೋಟ ಕುಡಿದು, ಉಸಿರು ತೆಗೆಯದೆ ಹಾಡಲು ಹೋಗಿ, ಆರನೆಯ ಸಾಲಿನಲ್ಲಿ ಕುರ್ಚಿ ಹಿಡಿದುಕೊಂಡ. ಗೇಟಿನಲ್ಲಿದ್ದ ಡೊಮಿನಿಕ್ ಖುಷಿಯಲ್ಲಿ ಒಂದು ಬೈಕನ್ನು ಅಡ್ಡವಾಗಿ ನಿಲ್ಲಿಸಿದನಂತೆ.

ಆದರೆ ಆ ಸ್ವರ್ಗ ಒಂಬತ್ತೇ ದಿನ ಬಾಳಿತು. ಹತ್ತನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಸ್ಕ್ರೂಗಳು ಉರುಳಿದವು.

"ಎಂತಾಯ್ತು?" ಎಂದು ಹಲಗೆಗೆ ಕೇಳಿದೆ.

"ನಿನ್ನೆ ಪ್ರಾರ್ಥನೆ ಮುಗಿಯುವಾಗ ಜೆನಿಟಾ ಕಾರ್ಲನ ಗಂಟಲಿಗಾಗಿ ಒಂದು 'ನಮೋ ಮರಿಯ' ಹೆಚ್ಚು ಹೇಳಿಸಿದಳು ಮಾರಾಯ್ರೆ. ಕಳೆದ ತಿಂಗಳು ನನಗೆ ಏಳು ದಿನ ಕೆಮ್ಮಿತ್ತು. ಏನೂ ಹೇಳಿಸಲಿಲ್ಲ."

"ಅವನು ಇಲ್ಲವೇ ಇಲ್ಲವಲ್ಲ, ಡೊಮಿನಿಕ್!"

"ಅದೇ ಕಷ್ಟ! ಇದ್ದರೆ ನಾಲ್ಕು ಮಾತು ಕೇಳಬಹುದಿತ್ತು. 'ಆ ನಡುಗುವ ಸಾಲು ಕೇಳಿದರೆ ಎದೆ ತುಂಬಿ ಬರ್ತದೆ, ಹಾಗೆ ಹಾಡುವವನ ಮನಸ್ಸು ಎಷ್ಟು ಒಳ್ಳೆಯದಿರಬೇಡ' ಅಂತ ನನ್ನ ಹತ್ತಿರವೇ ಹೇಳ್ತಾಳೆ. ಕ್ಲಾರೆನ್ಸನನ್ನು ಹೀಗೆ ಹೊಗಳಿದ್ದೇ ಇಲ್ಲ ಅವಳು."

ಲೋಕದಲ್ಲಿ ಹೊಟ್ಟೆಕಿಚ್ಚು ಪಟ್ಟವರು ಬಹಳ. ಆದರೆ ತನ್ನ ಕೈಯಾರೆ ಒಬ್ಬನನ್ನು ಮಾಡಿ, ಅವನಿಗೆ ಕಂಠ ಕೊಟ್ಟು, ದೋಹಾದಲ್ಲಿ ಕೆಲಸ ಕೊಟ್ಟು, ಆಮೇಲೆ ಅವನ ಮೇಲೆಯೇ ಕಿಚ್ಚು ಪಟ್ಟವನು ನನಗೆ ತಿಳಿದಂತೆ ಇವನೊಬ್ಬನೇ. ಕ್ಲಾರೆನ್ಸನಿಂದಾಗಿ ಹೆಂಡತಿಯ ಪಕ್ಕದ ಜಾಗ ಮಾತ್ರ ಹೋಗಿತ್ತು. ಕಾರ್ಲನಿಂದಾಗಿ ಹೆಂಡತಿಯ ಮನಸ್ಸೇ ಹೋಗುತ್ತದೆ ಎಂಬ ಭಯ ಅವನನ್ನು ಹಿಡಿಯಿತು. ಊಟ ಸೇರಲಿಲ್ಲ. ಕಾರ್ಲನನ್ನು ಹೇಗಾದರೂ ಮಾಡಿ ಇಳಿಸಲೇಬೇಕೆಂದು ಹಟ ತೊಟ್ಟ.

ಮೊದಲು, ಕಾರ್ಲ್ ಕುಡಿಯುತ್ತಾನೆ ಎಂದು ಸುದ್ದಿ ಹಬ್ಬಿಸಿದ. "ಪಾಪ, ಒಬ್ಬನೇ ಇರುವುದಲ್ವಾ" ಎಂದಳು ಜೆನಿಟಾ. ಆಮೇಲೆ, ಅವನಿಗೆ ಮದುವೆಯಾಗಿದೆ ಎಂದ. "ಸುಳ್ಳು! ಆಗಿದ್ದರೆ ನಮಗೆ ಕಾಗದ ಬಾರದೆ ಇರ್ತಿತ್ತಾ?" ಎಂದರು ಮ್ಯಾಗ್ಡಲಿನ್ ಬಾಯಿ. ತಲೆಯಲ್ಲಿ ಒಂದು ಕೂದಲೂ ಇಲ್ಲ ಎಂದ. "ಆ ಮನೆಯವರೆಲ್ಲ ಹಾಗೇ, ಅವನ ಅಜ್ಜನೂ ಹಾಗೇ" ಎಂದು ಅವರೇ ರುಜುವಾತು ಕೊಟ್ಟರು. ಕೊನೆಗೆ ಡೊಮಿನಿಕ್ ಕಂಪ್ಯೂಟರಿನ ಮುಂದೆ ಕುಳಿತು, ಗೆರೆಗಳನ್ನೆಲ್ಲ ಅಡ್ಡಾದಿಡ್ಡಿ ಎಳೆದು, ಕಾರ್ಲ್ ಪ್ರತಿ ಸಾಲಿನಲ್ಲೂ ಒಡಕು ಧ್ವನಿಯಲ್ಲಿ ಹಾಡುವ ಹಾಗೆ ಇನ್ನೊಂದು ಸಿಡಿ ಮಾಡಿ ಕೊಟ್ಟ.

ಅದನ್ನು ಕೇಳಿ ಇಡೀ ತಂಡ ಅತ್ತಿತು. ಕ್ಲಾರೆನ್ಸ್ ಕೂಡ ಕರವಸ್ತ್ರ ತೆಗೆದ.

"ಏನೋ ದೊಡ್ಡ ದುಃಖ ಉಂಟು ಇವನಿಗೆ" ಎಂದರು ಮ್ಯಾಗ್ಡಲಿನ್ ಬಾಯಿ. "ಇನ್ನು ತಡ ಮಾಡುವುದು ಬೇಡ. ನಮ್ಮ ಪ್ಯಾಟ್ರಿಶಿಯಾಳನ್ನು ಇವನಿಗೆ ಕೊಡುವ."

ಪ್ಯಾಟ್ರಿಶಿಯಾ ಅವರ ಮಗಳು, ಹೆಬ್ರಿಯಲ್ಲಿ ಟೀಚರ್. ವಾರದೊಳಗೆ ಕಾಪುವಿನಲ್ಲಿ ಮದುವೆಗೆ ಹಾಲ್ ನೋಡಿಬಂದದ್ದೂ ಆಯಿತು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಹುಡುಗನ ಸಂಬಂಧಿಯೆಂದು ಡೊಮಿನಿಕನ ಮನೆಯಲ್ಲೇ ಊಟವಿಟ್ಟುಕೊಂಡು ಮಾತುಕತೆಗೆ ಕುಳಿತರು. ಇಗರ್ಜಿಯ ಮುಖ್ಯ ಪಾದ್ರಿ ವಿಗಾರ್ ಫಾದರ್ ಬಂದಿದ್ದರು, ಅಲೋಶಿಯಸ್ ಮಾಸ್ತರು, ಕ್ಲಾರೆನ್ಸ್ ಬಂದಿದ್ದರು. ಗೋಡೆ ಗಡಿಯಾರ ಸರಿಮಾಡುವ ನೆಪದಲ್ಲಿ ನಾನೂ ಸ್ಟೂಲಿನ ಮೇಲೆ ನಿಂತಿದ್ದೆ. ಗಡಿಯಾರ ಸರಿಯಾಗಿಯೇ ಇತ್ತು.

"ಹುಡುಗನ ಇಗರ್ಜಿಯಿಂದ ಮದುವೆಗೆ ಅಡ್ಡಿಯಿಲ್ಲ ಎಂಬ ಪತ್ರ ಬೇಕು, ಡೊಮಿನಿಕ್" ಎಂದರು ಫಾದರ್, ಹಂದಿ ಮಾಂಸದ ತುಂಡೊಂದನ್ನು ಆರಿಸುತ್ತಾ. "ಅವನ ಜ್ಞಾನಸ್ನಾನ ಯಾವ ವರ್ಷ ಆದದ್ದು?"

ಡೊಮಿನಿಕ್ ಬೆವರಿದ.

"ಅದೆಲ್ಲ ಬರ್ತದೆ ಫಾದರ್" ಎಂದಳು ಜೆನಿಟಾ. "ಮದುವೆಯ ದಿನ ಅಪ್ಪನ ಹಾಡಿನಲ್ಲಿ ವರನ ಸಾಲನ್ನು ಕಾರ್ಲನೇ ಹಾಡಲಿ. ವಧುವಿನ ಸಾಲು ನನ್ನದು. ಇಷ್ಟು ವರ್ಷದಲ್ಲಿ ಒಂದು ಸಲ ಆದರೂ ಆ ಹಾಡಿಗೆ ಸರಿಯಾದ ಸ್ವರ ಸಿಗಲಿ."

ಇಬ್ಬರ ಕೈಯಿಂದ ಚಮಚ ಬಿತ್ತು. ಒಬ್ಬ ಕ್ಲಾರೆನ್ಸ್. ಇನ್ನೊಬ್ಬ ಡೊಮಿನಿಕ್, ಅವನು ಎದ್ದೇ ನಿಂತ.

"ಕಾರ್ಲ್ ಎಂಬವ ಇಲ್ಲ!" ಎಂದು ಕೂಗಿದ. "ಕಾರ್ಕಳದಲ್ಲೂ ಇಲ್ಲ, ದೋಹಾದಲ್ಲೂ ಇಲ್ಲ! ಅದು ಕಂಪ್ಯೂಟರ್! ನಾನೇ ಮಾಡಿದ್ದು!"

ಎಲ್ಲರೂ ಅವನನ್ನು ನೋಡಿದ ನೋಟದಲ್ಲಿ ಆಶ್ಚರ್ಯವಿರಲಿಲ್ಲ. ಬರೀ ಮರುಕವಿತ್ತು.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವಾ?" ಎಂದಳು ಜೆನಿಟಾ. "ಒಬ್ಬ ಚೆಂದ ಹಾಡಿದರೆ ಅವನು ಹುಟ್ಟಲೇ ಇಲ್ಲ ಅಂತ ಹೇಳುವುದಾ?"

"ನಾನು ಎತ್ತಿಕೊಂಡ ಮಗು ಅದು!" ಎಂದರು ಮ್ಯಾಗ್ಡಲಿನ್ ಬಾಯಿ.

"ಡೊಮಿನಿಕ್," ಎಂದರು ಫಾದರ್ ಮೆಲ್ಲಗೆ, "ನೀನು ಶನಿವಾರ ಪಾಪನಿವೇದನೆಗೆ ಬಾ. ಮತ್ಸರ ದೊಡ್ಡ ಪಾಪ. ಆದರೆ ಕ್ಷಮೆ ಉಂಟು."

ನಾನು ಸ್ಟೂಲಿನ ಮೇಲಿಂದ, "ಅವನು ಹೇಳುವುದು ನಿಜ ಫಾದರ್, ನಾನೇ ನೋಡಿದ್ದೇನೆ" ಎಂದೆ. ಗೆಳೆಯನಿಗಾಗಿ ಸುಳ್ಳು ಹೇಳುವವನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ನನ್ನ ಮಾತಿಗೆ ಸಿಕ್ಕಿತು.

"ಬನ್ನಿ ಅಂಗಡಿಗೆ, ತೋರಿಸ್ತೇನೆ" ಎಂದು ಡೊಮಿನಿಕ್ ಚಪ್ಪಲಿ ಮೆಟ್ಟಿ ಹೊರಟ. ಅವನ ಹಿಂದೆ ಜೆನಿಟಾ, ಜೆನಿಟಾಳ ಹಿಂದೆ ಮ್ಯಾಗ್ಡಲಿನ್ ಬಾಯಿ, ಅವರ ಹಿಂದೆ ಉಳಿದವರು, ಕೊನೆಯಲ್ಲಿ ಮಾಂಸದ ಪಾತ್ರೆಯ ಕಡೆ ಒಮ್ಮೆ ತಿರುಗಿ ನೋಡಿ ಫಾದರ್. ಮಟಮಟ ಮಧ್ಯಾಹ್ನ ಹೆದ್ದಾರಿ ಬದಿಯಲ್ಲಿ ಈ ಮೆರವಣಿಗೆ ಕಂಡು ಎರಡು ಬಸ್ಸುಗಳು ನಿಧಾನಿಸಿದವು.

ಅಂಗಡಿಯಲ್ಲಿ ಡೊಮಿನಿಕ್ ಕಂಪ್ಯೂಟರ್ ಹಚ್ಚಿದ. "ಕೇಳಿ ಮಾವ್ಶಿ. ಎಂತ ಹಾಡಿಸಬೇಕು ಹೇಳಿ."

"ಪ್ಯಾಟ್ರಿಶಿಯಾಳ ಹೆಸರು ಹೇಳಲಿ" ಎಂದರು ಅವರು.

ಡೊಮಿನಿಕ್ ನಾಲ್ಕು ಕಡ್ಡಿ ಇಟ್ಟ. ಪೆಟ್ಟಿಗೆಯೊಳಗಿನಿಂದ ಕಾರ್ಲ್ ಬಹಳ ಮಧುರವಾಗಿ "ಪ್ಯಾ-ಟ್ರಿ-ಶಿ-ಯಾ" ಎಂದ.

ಮ್ಯಾಗ್ಡಲಿನ್ ಬಾಯಿ ಥಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡರು. "ದೇವರೇ, ಲೈನಿನಲ್ಲಿ ಉಂಟು ಅವನು! ಇಂಟರ್‌ನೆಟ್ಟಿನಲ್ಲಿ ದೋಹಾದಿಂದ ಮಾತಾಡ್ತಾನೆ! ಮಗಾ ಕಾರ್ಲ್, ಊಟ ಆಯ್ತಾ?"

ಕಾರ್ಲ್ ಉತ್ತರಿಸಲಿಲ್ಲ. "ನಾಚಿಕೆ" ಎಂದರು ಅವರು ನಮ್ಮೆಲ್ಲರ ಕಡೆ ತಿರುಗಿ.

ಡೊಮಿನಿಕ್ ಹಲ್ಲು ಕಚ್ಚಿಕೊಂಡು ಟೈಪ್ ಮಾಡಲು ಕುಳಿತ. ಹತ್ತು ನಿಮಿಷ ಹಿಡಿಯಿತು. ಆಮೇಲೆ ಕಾರ್ಲ್, ಮದುವೆ ಹಾಡಿನ ಅದೇ ರಾಗದಲ್ಲಿ, ಅದೇ ನಡುಕದಲ್ಲಿ, ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಪಾಠ ಒಪ್ಪಿಸತೊಡಗಿದ: ಉಡುಪಿ, ಕಿನ್ನಿಮೂಲ್ಕಿ, ಬಲಾಯಿಪಾದೆ, ಉದ್ಯಾವರ, ಕಟಪಾಡಿ, ಪಾಂಗಾಲ, ಕಾಪು. ಕಾಪುವಿನಿಂದ ಮತ್ತೆ ತಿರುಗಿ ಉಡುಪಿ. ಹೋದ, ಬಂದ. ಮೂರು ಟ್ರಿಪ್ ಮುಗಿದರೂ ಉಸಿರು ತೆಗೆಯಲಿಲ್ಲ, ಡೀಸೆಲ್ಲೂ ಕೇಳಲಿಲ್ಲ. ನಾಲ್ಕನೆಯ ಟ್ರಿಪ್ಪಿನಲ್ಲಿ ಕಟಪಾಡಿಯ ಹತ್ತಿರ ಡೊಮಿನಿಕ್ ಪ್ಲಗ್ ಕಿತ್ತ. ಕಾರ್ಲ್ "ಕಟ" ಎಂದು ನಿಂತುಹೋದ.

ಫಾದರ್ ಶಿಲುಬೆಯ ಗುರುತು ಮಾಡಿಕೊಂಡರು. ಕ್ಲಾರೆನ್ಸನ ಮುಖಕ್ಕೆ ತಿಂಗಳ ನಂತರ ರಕ್ತ ಬಂತು. "ಹಾಗಾದರೆ ಆ ಸೆರಾಫಿನ್ ಬಾಯಿಯ ಮೊಮ್ಮಗ ಬೇರೆ ಇರಬೇಕು" ಎಂದು ಮ್ಯಾಗ್ಡಲಿನ್ ಬಾಯಿ ಹೇಳಿ, ಕಾಪುವಿನ ಮದುವೆ ಹಾಲ್‌ನವರಿಗೆ ಫೋನ್ ಮಾಡಲು ಎದುರಿನ ಬೂತಿಗೆ ನಡೆದರು. ಉಳಿದವರೂ ಒಬ್ಬೊಬ್ಬರಾಗಿ ಚದುರಿದರು. ನಾನು ನನ್ನ ಅಂಗಡಿಗೆ ಬಂದು ಹಲಗೆಗೆ ಕಿವಿ ಹತ್ತಿರ ಮಾಡಿ ಕುಳಿತೆ. ನೆರೆಯವನಾಗಿ ಅದು ನನ್ನ ಕರ್ತವ್ಯವಾಗಿತ್ತು.

ಜೆನಿಟಾ ಒಬ್ಬಳೇ ಉಳಿದಿದ್ದಳು. ಪ್ಲಗ್ ಮತ್ತೆ ಹಾಕಿಸಿದಳು. ತೆರೆಯ ಮೇಲಿನ ಕಡ್ಡಿಗಳನ್ನು ಬಹಳ ಹೊತ್ತು ನೋಡಿದಳೆಂದು ತೋರುತ್ತದೆ.

"ಆ ನಡುಗುವ ಸಾಲು?" ಎಂದಳು ಕೊನೆಗೆ. "ಅದನ್ನು ಯಾರು ಹೇಳಿಕೊಟ್ಟದ್ದು ಇದಕ್ಕೆ?"

"ನಾನೇ ಎಳೆದದ್ದು, ಈ ಮೌಸಿನಲ್ಲಿ" ಎಂದ ಡೊಮಿನಿಕ್. "ಆ ಒಂದು ಸಾಲಿಗೆ ಹನ್ನೊಂದು ದಿನ ಬೇಕಾಯ್ತು. ನೀನು ಇಷ್ಟು ವರ್ಷ ಆ ಕ್ಲಾರೆನ್ಸನ ಪಕ್ಕ ನಿಲ್ಲುವಾಗ ನನಗೆ ಹೊರಗೆ ಗೇಟಿನಲ್ಲಿ ಹೇಗಾಗ್ತಿತ್ತೋ, ಹಾಗೆ ಮಾಡಿದೆ."

ಎಲ್ಲ ಸರಿಹೋಯಿತು, ಡೊಮಿನಿಕ್ ಗೆದ್ದ ಎಂದು ನಾನು ಈಚೆ ಕುಳಿತಲ್ಲೇ ಅಂದುಕೊಂಡೆ.

"ಇದರಲ್ಲಿ ಹೆಂಗಸಿನ ಸ್ವರ ಉಂಟಾ?" ಎಂದು ಜೆನಿಟಾ ಕೇಳಿದಳು.

ನಾನು ಹಲಗೆಗೆ ಬಡಿದು ಎಚ್ಚರಿಸಬೇಕೆಂದು ಕೈ ಎತ್ತಿದೆ. ತಡವಾಯಿತು.

"ಉಂಟಲ್ಲ!" ಎಂದ ಡೊಮಿನಿಕ್, ಉತ್ಸಾಹದಿಂದ. "ನಿನ್ನ ಸಾಲನ್ನೇ ಹಾಡಿಸ್ತೇನೆ ಕೇಳು. ಹಾರ್ಮೋನಿಯಂನಲ್ಲಿ ನಿನಗಿಂತ ಎರಡು ಮನೆ ಮೇಲೆ ಹೋಗ್ತಾಳೆ ಇವಳು, ಸ್ವಲ್ಪವೂ ಕಷ್ಟ ಇಲ್ಲ."

ಹೆಂಗಸು ಹಾಡಿದಳು. ವಧುವಿನ ಸಾಲು, ನೀರು ಹರಿದ ಹಾಗೆ. ಎರಡು ಮನೆ ಮೇಲೆ ಹೋಗಿ, ಅಲ್ಲಿಂದ ಇನ್ನೂ ಒಂದು ಮೇಲೆ ಹೋಗಿ, ಆರಾಮವಾಗಿ ಇಳಿದಳು.

"ಇವಳ ಜೊತೆ ನೀವು ಎಷ್ಟು ದಿನ ಕೂತಿದ್ರಿ?" ಎಂದಳು ಜೆನಿಟಾ. ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಇವಳ ಜೊತೆಯಾ? ನಾಲ್ಕೈದು ದಿನ, ಸುಮ್ಮನೆ..."

"ಈಗಲೇ ತೆಗೀರಿ ಇವಳನ್ನು. ನನ್ನ ಎದುರೇ ತೆಗೀಬೇಕು."

"ಕಾರ್ಲನನ್ನೂ ತೆಗೀತೇನೆ" ಎಂದ ಡೊಮಿನಿಕ್, ಆಸೆಯಿಂದ.

"ಕಾರ್ಲ್ ಇರಲಿ. ಪಾಪ, ಅವನು ಎಂತ ಮಾಡಿದ? ಇವಳು ಬೇಡ. ಮತ್ತೆ ಕೇಳಿ, ಮದುವೆಗಳಿಗೆ ನಾನು ಹಾಡಲಿಕ್ಕೆ ಹೋದಾಗ ನೀವು ಅಂಗಡಿಯಲ್ಲಿ ಈ ಪೆಟ್ಟಿಗೆಯ ಮುಂದೆ ಒಬ್ಬರೇ ಕೂರುವುದು ಬೇಡ. ಗೇಟಿನಲ್ಲೂ ಬೇಡ, ಇಗರ್ಜಿಯ ಗೇಟಿನಿಂದ ಅಂಗಡಿಗೆ ನಾಲ್ಕು ಹೆಜ್ಜೆ. ನನ್ನ ಕಣ್ಣೆದುರೇ ಇರಬೇಕು. ಅಲೋಶಿಯಸ್ ಮಾಸ್ತರಿಗೆ ನಾನು ಹೇಳ್ತೇನೆ. ನನ್ನ ಪಕ್ಕದಲ್ಲಿ ನಿಲ್ಲಿ."

ಹಲಗೆಯಾಚೆ ಮೌಸ್ ಒತ್ತಿದ ಸದ್ದು ಒಮ್ಮೆ ಕೇಳಿಸಿತು. ಹೆಂಗಸು ಹೋದಳು.

ಮುಂದಿನ ಮದುವೆ ಕಾಪುವಿನಲ್ಲಿ, ಯಾರದೋ. ನನಗೂ ಕಾಗದವಿತ್ತು, ಹೋದೆ. ವೇದಿಕೆಯ ಮೇಲೆ ಜೆನಿಟಾಳ ಬಲಗಡೆ, ಇಸ್ತ್ರಿ ಮಾಡಿದ ಕೋಟು ಹಾಕಿ ಡೊಮಿನಿಕ್ ನಿಂತಿದ್ದ. ಅಲೋಶಿಯಸ್ ಮಾಸ್ತರು ಒಂದೇ ಷರತ್ತು ಹಾಕಿದ್ದರು: ಬಾಯಿ ಆಡಿಸಬಹುದು, ಸ್ವರ ಹೊರಗೆ ಬರಕೂಡದು. ಕ್ಲಾರೆನ್ಸನನ್ನು ಹಿಂದಿನ ಸಾಲಿಗೆ, ಕಂಬದ ಹತ್ತಿರ ಹಾಕಿದ್ದರು. ವರನ ಸಾಲು ಅವನೇ ಹಾಡುತ್ತಿದ್ದ. ಆದರೆ ಆ ಸಾಲಿಗೆ ಬಾಯಿ ತೆರೆಯುತ್ತಿದ್ದವನು, ಕಣ್ಣು ಮುಚ್ಚುತ್ತಿದ್ದವನು, ಕೊನೆಯಲ್ಲಿ ಕಣ್ಣು ತೆರೆದು ಜೆನಿಟಾಳ ಕಡೆ ನೋಡುತ್ತಿದ್ದವನು ಡೊಮಿನಿಕ್. ಅವಳೂ ಇವನ ಕಡೆ ನೋಡಿ, ಎಲ್ಲಿಯಾದರೂ ಹಾಡಿಬಿಟ್ಟಾನೆಂಬ ಭಯದಿಂದ ಒಂದು ಸಲವೂ ಕಣ್ಣು ಕದಲಿಸದೆ ಹಾಡಿದಳು. ಎಂಥ ಪ್ರೀತಿ ನೋಡಿ ಎಂದು ನನ್ನ ಪಕ್ಕದ ಹೆಂಗಸೊಬ್ಬರು ಮೂಗು ಒರೆಸಿಕೊಂಡರು.

ಹಾಡು ಮುಗಿದು ಚಪ್ಪಾಳೆ ಬಿತ್ತು. ಮದುಮಗ ಬಂದು ಡೊಮಿನಿಕನ ಕೈ ಕುಲುಕಿ, "ಎಂಥ ಸ್ವರ ಅಂಕಲ್ ನಿಮ್ಮದು!" ಎಂದ. ಡೊಮಿನಿಕ್ ವಿನಯದಿಂದ ತಲೆ ಬಗ್ಗಿಸಿದ. ಕಂಬದ ಹತ್ತಿರದಿಂದ ಒಂದು ನಿಟ್ಟುಸಿರು ಕೇಳಿಸಿತು. ನಿಟ್ಟುಸಿರುಗಳ ವಿಷಯದಲ್ಲಿ ನನ್ನ ಕಿವಿ ತಪ್ಪುವುದಿಲ್ಲ. ಅದು ಕ್ಲಾರೆನ್ಸನದು.